ಬಡಿಸುವವನ ಎಲೆ

ಹೊಳೆಯ ಆಚೆ ದಂಡೆಯಲ್ಲಿ ನೀಲವ್ವನವರ ಆಶ್ರಮ. ದೊಡ್ಡದೇನಲ್ಲ. ನಾಲ್ಕು ಮಣ್ಣಿನ ಕೋಣೆ, ಒಂದು ಉದ್ದನೆಯ ಪಡಸಾಲೆ, ಅಂಗಳದಲ್ಲಿ ಒಂದು ಬೇವಿನ ಮರ. ಹರಿಗೋಲು ಹತ್ತಿ ಬರಬೇಕು.

ಅಲ್ಲಿ ಉಪದೇಶ ಕಡಿಮೆ, ಊಟ ಖಾಯಂ. ಯಾರು ಏನು ಕೇಳಲು ಬಂದರೂ ಅವ್ವನವರು ಮೊದಲು ‘ಉಂಡಿಯೇನು?’ ಅನ್ನುತ್ತಿದ್ದರು. ಎಷ್ಟೋ ಮಂದಿ ಹೊಟ್ಟೆ ತುಂಬ ಉಂಡು, ಕೇಳಬೇಕಾದದ್ದನ್ನು ಮರೆತು, ಖುಷಿಯಾಗಿ ಹೊಳೆ ದಾಟಿ ಹೋದದ್ದೂ ಉಂಟು.

ಊಟಕ್ಕೆ ಎರಡೇ ನಿಯಮ. ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಎಲೆಯಲ್ಲಿ ಅನ್ನ ಉಳಿದರೆ ತಪ್ಪು ಉಂಡವರದಲ್ಲ, ಬಡಿಸಿದವರದು. ಉಳಿದದ್ದನ್ನು ಬಡಿಸಿದವರೇ ಉಣ್ಣಬೇಕು. ಎಂಜಲು ಅನ್ನುವ ಮಾತು ಆ ಪಡಸಾಲೆಯಲ್ಲಿ ನಡೆಯುತ್ತಿರಲಿಲ್ಲ.

ಹೀಗಾಗಿ ಸೌಟು ಹಿಡಿಯಲು ಯಾರೂ ಮುಂದೆ ಬರುತ್ತಿರಲಿಲ್ಲ. ಕಲ್ಲಿನಾಥ ಬಂದ ಮೇಲೆ ಆ ಚಿಂತೆ ತಪ್ಪಿತು.

ಕಲ್ಲಿನಾಥ ಹರೆಯದ ಶಿಷ್ಯ. ತೆಳ್ಳಗೆ, ಮಾತು ಕಡಿಮೆ. ಕೂತವರ ಮುಖ ಒಮ್ಮೆ ನೋಡಿ ಬಡಿಸಿದನೆಂದರೆ ಎಲೆಯಲ್ಲಿ ಒಂದು ಅಗುಳೂ ಉಳಿಯುತ್ತಿರಲಿಲ್ಲ. ದಿನವೂ ಅವನೇ ಬಡಿಸುತ್ತಿದ್ದ. ಒಂದು ದಿನವೂ ಪಂಕ್ತಿಯಲ್ಲಿ ಕೂತವನಲ್ಲ.

‘ಸೇವಾ ಅಂದ್ರ ಇದು ನೋಡ್ರಿ’ ಎಂದು ಹಿರಿಯ ಶಿಷ್ಯ ಗದಿಗೆಯ್ಯ ಬಂದವರ ಎದುರು ಹೇಳುತ್ತಿದ್ದ. ಗದಿಗೆಯ್ಯ ಹೊಗಳಿಕೆಯಲ್ಲಿ ಮಹಾ ಜಿಪುಣ. ಅವನೇ ಹೊಗಳಿದ ಮೇಲೆ ಉಳಿದವರ ಮಾತೇನು?

ಅವ್ವನವರು ಮಾತ್ರ ಹೊಗಳಲಿಲ್ಲ.

ಒಂದು ದಿನ ಪಾತ್ರೆ ತೊಳೆಯಲು ಹೊಳೆಗೆ ಇಳಿದ ಕಲ್ಲಿನಾಥನ ಹಿಂದೆಯೇ ಅವರೂ ಇಳಿದರು. ಬಂಡೆಯ ಮೇಲೆ ಕೂತು ಕಾಲು ನೀರಿಗೆ ಇಳಿಬಿಟ್ಟರು.

‘ನೀ ಯಾವಾಗ ಉಣ್ತೀಯೋ?’

‘ಎಲ್ಲಾರದು ಆದ ಮ್ಯಾಲೆ, ಅವ್ವಾರ.’

‘ಏನ ಉಣ್ತಿ?’

‘ಉಳಿದದ್ದು ಉಣ್ತೀನ್ರಿ.’

‘ನೀ ಬಡಿಸಿದ್ರ ಏನೂ ಉಳಿಯೂದಿಲ್ಲಲ್ಲೊ.’

ಕಲ್ಲಿನಾಥ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದ. ಅವ್ವನವರು ಕಾದರು. ಕಾಯುವುದರಲ್ಲಿ ಅವರನ್ನು ಸೋಲಿಸಿದವರು ಇರಲಿಲ್ಲ.

ಕೊನೆಗೆ ಅವನೇ ಬಾಯಿಬಿಟ್ಟ.

‘ಹೊಟ್ಟಿಬ್ಯಾನಿ ಐತ್ರಿ ನನಗ. ಉಂಡ ಮ್ಯಾಲೆ ಬರತೈತಿ. ಒಮ್ಮೊಮ್ಮೆ ಉಣದಿದ್ರೂ ಬರತೈತಿ. ಒಳಗ ಯಾರೋ ತೊಯ್ದ ಅರಿವಿ ಹಿಂಡಿಧಂಗ ಆಗತೈತ್ರಿ. ಒಂದೊಂದು ವಾರ ಬರೂದ ಇಲ್ಲ. ಹ್ವಾತು ಅಂತೀನಿ. ಮತ್ತ ಬರತೈತಿ.’

‘ಎಷ್ಟ ದಿನ ಆತು?’

‘ಬಾಳ ವರ್ಷ ಆತ್ರಿ.’

‘ದವಾಖಾನಿ?’

‘ಎಲ್ಲಾ ಆತ್ರಿ. ರಕ್ತ ನೋಡಿದ್ರು, ಸ್ಕ್ಯಾನಿಂಗ್ ಮಾಡಿದ್ರು, ಬಾಯಾಗ ನಳಿಗಿ ಇಳಿಸಿ ನೋಡಿದ್ರು. ಎಲ್ಲಾ ನಾರ್ಮಲ್ ಐತಿ ಅಂದ್ರು.’

‘ಮನ್ಯಾಗ?’

‘ಅಜ್ಜಿ ಹೊಕ್ಕಳದ ಬಟ್ಟಿ ಜಾರೇತಿ ಅಂತ ಹೊಟ್ಟಿ ತಿಕ್ಕಿಸಿದ್ಲು. ಅತ್ತಿ ದೃಷ್ಟಿ ತಗದ್ಲು. ಅಪ್ಪ ಮೊದಲ ಮೊದಲ ಸುಮ್ಮನಿದ್ದ. ಆಮ್ಯಾಲೆ, ರಿಪೋರ್ಟಿನ್ಯಾಗ ಇಲ್ಲದ್ದು ನಿನ್ನ ಹೊಟ್ಟ್ಯಾಗ ಎಲ್ಲಿಂದ ಬಂತೋ ಅಂದ.’

‘ನೀ ಏನಂತಿ?’

ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

‘ನನಗೂ ಈಗೀಗ ಅನುಮಾನ ಬಂದೈತ್ರಿ. ಖರೇನ ಐತೋ, ನಾನ ಹುಟ್ಟಿಸ್ಕೊಂಡೇನೋ. ಅದನ್ನ ಕೇಳಾಕಂತನ ನಾ ಹೊಳಿ ದಾಟಿ ಬಂದೆ ಅವ್ವಾರ. ಬಂದ ದಿನ ನೀವು ಉಂಡಿಯೇನು ಅಂದ್ರಿ. ಪಂಗ್ತ್ಯಾಗ ಕುಂತು ಎಲ್ಲಾರ ಮುಂದ ಹೊಟ್ಟಿ ಹಿಡ್ಕೊಂಡ್ರ ಹೆಂಗ ಅಂತ ಅಂಜಿ ಸೌಟು ಹಿಡದೆ. ಹಿಡದದ್ದು ಬಿಡಾಕ ಆಗಲಿಲ್ಲ. ಜನ ಸೇವಾ ಸೇವಾ ಅನ್ನಾಕತ್ರು.’

ಅವ್ವನವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಹೊಟ್ಟೆಯ ಮೇಲೆ ಇಟ್ಟರು.

‘ಇಲ್ಲೇನು?’

‘ಅಲ್ರಿ. ಎಡಕ್ಕ.’

‘ಇಲ್ಲಿ?’

‘ಇನ್ನೊಂಚೂರು ಮ್ಯಾಲೆ. ಎಲುಬಿನ ಕೆಳಗ.’

‘ಈಗ?’

‘ಹೌದ್ರಿ. ಅಲ್ಲೇ.’

‘ಹಂಗಾರ ಐತಿ’ ಅಂದರು ಅವ್ವನವರು.

ಅಷ್ಟೇ ಅಂದದ್ದು. ಕಲ್ಲಿನಾಥ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಇಷ್ಟು ವರ್ಷ ತಾನು ಕಾದಿದ್ದು ಔಷಧಿಗಲ್ಲ, ಈ ಮಾತಿಗೆ ಎಂದು ಅವನಿಗೆ ಆಗಲೇ ಗೊತ್ತಾದದ್ದು.

ಅಳು ನಿಂತ ಮೇಲೆ ಕೇಳಿದ.

‘ಅದು ಏನ್ರಿ ಅವ್ವಾರ, ಒಳಗಿರೂದು?’

‘ನನಗೇನ ಗೊತ್ತು? ನಾ ಡಾಕ್ಟರೇನು?’

‘ಮತ್ತ ನಾ ಏನ ಮಾಡ್ಲಿ?’

‘ದವಾಖಾನಿಗೆ ಹೋಗೂದು ಬಿಡಬ್ಯಾಡ. ಒಬ್ಬರಿಗೆ ಸಿಗದಿದ್ದದ್ದು ಇನ್ನೊಬ್ಬರಿಗೆ ಸಿಕ್ಕೀತು.’

‘ಅಲ್ಲೀ ತನಕ?’

‘ನಾಳೆ ಪಂಗ್ತ್ಯಾಗ ಕುಂದ್ರು.’

ಕಲ್ಲಿನಾಥನ ಕೈಯಿಂದ ಪಾತ್ರೆ ಜಾರಿ ನೀರಿಗೆ ಬಿತ್ತು. ಅದನ್ನು ಹಿಡಿದು ತಂದು ಬಂಡೆಯ ಮೇಲಿಟ್ಟು ಅವನು ಹೇಳಿದ:

‘ಆಗೂದಿಲ್ರಿ. ನನ್ನ ಊಟ ಮುಗಿಯೂ ತನಕ ಎಲ್ಲಾರೂ ಕುಂತಿರಬೇಕಾಕ್ಕತಿ.’

‘ಕುಂದರಲಿ.’

‘ಸೋಗು ಹಾಕತಾನ ಅಂತಾರ್ರಿ.’

‘ಅನ್ನಲಿ.’

‘ನಾ ಊರಿಗೆ ಹೋಗತೀನಿ ಅವ್ವಾರ. ಈ ಬ್ಯಾನಿ ಹ್ವಾದ ಮ್ಯಾಲೆ ಬಂದು ನಿಮ್ಮ ಕಡೆ ಇರತೀನಿ.’

‘ಹೋಗಲಿಲ್ಲಂದ್ರ?’

ಊರಿಗೆ ಹೋದರೆ ಮತ್ತೆ ಅದೇ ಹಾಸಿಗೆ, ಅದೇ ಅಪ್ಪನ ಮೋರೆ. ಇಲ್ಲೇ ಉಳಿದರೆ ಗುಟ್ಟು ರಟ್ಟಾಗಿ ಗಳಿಸಿದ ಹೆಸರೆಲ್ಲ ಹೊಳೆಪಾಲು. ಈ ಪಡಸಾಲೆಯ ಹೊರತು ಅವನು ಮನಸ್ಸಿಟ್ಟ ಜಾಗ ಬೇರೆ ಇರಲಿಲ್ಲ. ಅದೇ ಅವನ ಕಷ್ಟ.

ಅವ್ವನವರು ಎದ್ದರು.

‘ಹೋಗೂದಾದ್ರ ಹೋಗಪಾ. ಉಣದ ಇಲ್ಲಿಂದ ಯಾರೂ ಹೋಗಿಲ್ಲ. ನಾಳೆ ಉಂಡು ಹೋಗು.’

ಮಾರನೆಯ ದಿನ ಕಲ್ಲಿನಾಥ ತನ್ನ ಬಟ್ಟೆಗಂಟು ಕಟ್ಟಿ ಗೂಟಕ್ಕೆ ತೂಗುಹಾಕಿದ. ಉಂಡು, ಅದನ್ನು ಹೆಗಲಿಗೆ ಹಾಕಿಕೊಂಡು, ಹರಿಗೋಲು ಹತ್ತುವುದೆಂದು ನಿಶ್ಚಯಿಸಿದ್ದ. ಗಂಟು ಯಾಕೆಂದು ಗದಿಗೆಯ್ಯ ಬಿಡದೆ ಕೇಳಿದ್ದಕ್ಕೆ, ಹೇಗೂ ಹೋಗುವವನೇ ಎಂದು ಹೊಟ್ಟೆನೋವಿನ ಮಾತು, ದವಾಖಾನೆಯ ಮಾತು ಹೇಳಿಬಿಟ್ಟಿದ್ದ.

ಪಂಕ್ತಿ ಕೂತಿತು. ಸೌಟು ಅವ್ವನವರ ಕೈಯಲ್ಲಿತ್ತು. ಬೆನ್ನು ಬಾಗಿದ ಮುದುಕಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಡಿಸಲು ನಿಂತದ್ದನ್ನು ನೋಡಿ ಎಲ್ಲರೂ ಕಣ್ಣರಳಿಸಿದರು. ಗದಿಗೆಯ್ಯ ಏಳಲು ಹೋದ. ಅವ್ವನವರು ಸೌಟಿನಿಂದಲೇ ಕೂರು ಎಂದು ಸನ್ನೆ ಮಾಡಿದರು.

ಎಲ್ಲರ ಎಲೆಗೆ ಜೋಳದ ರೊಟ್ಟಿ, ಪಲ್ಯ, ಅನ್ನ. ಪಂಕ್ತಿಯ ಕೊನೆಯಲ್ಲಿ ಕಲ್ಲಿನಾಥ. ಅವನ ಎಲೆಗೆ ಒಂದು ಸೌಟು ನುಚ್ಚು, ಮೇಲೆ ಮಜ್ಜಿಗೆ.

ಉಳಿದವರು ಉಂಡು ಮುಗಿಸಿದಾಗ ಕಲ್ಲಿನಾಥನ ಎಲೆಯಲ್ಲಿ ಮುಕ್ಕಾಲು ಪಾಲು ಹಾಗೇ ಇತ್ತು.

ಎಲ್ಲರೂ ಕೂತರು. ಬೆರಳಿಗೆ ಮೆತ್ತಿದ ಅನ್ನ ಒಣಗತೊಡಗಿತು. ಬೇವಿನ ಮರದ ಮೇಲಿನ ಕಾಗೆಗಳು ಕೂಡ ಇವರೇಕೆ ಏಳುತ್ತಿಲ್ಲವೆಂದು ಕೂಗಿ ಕೂಗಿ ದಣಿದವು.

ಅಷ್ಟರಲ್ಲಿ ನೋವು ಬಂತು. ಕಲ್ಲಿನಾಥ ಎಡಗೈಯಿಂದ ಹೊಟ್ಟೆ ಒತ್ತಿಕೊಂಡು ಬಾಗಿದ. ಹಣೆಯಲ್ಲಿ ಬೆವರು ಒಡೆಯಿತು. ಇವರನ್ನೆಲ್ಲ ಬೇಗ ಬಿಡುಗಡೆ ಮಾಡೋಣವೆಂದು ಎಲೆಯಲ್ಲಿದ್ದದ್ದನ್ನೆಲ್ಲ ಒಟ್ಟು ಮಾಡಿ ಒಂದೇ ಸಲಕ್ಕೆ ಬಾಯಿಗೆ ತುರುಕಲು ಹೋದ.

‘ಸಾವಕಾಶ’ ಅಂದರು ಅವ್ವನವರು. ‘ಹರಿಗೋಲು ಎಲ್ಲೂ ಓಡಿ ಹೋಗೂದಿಲ್ಲ.’

ಗದಿಗೆಯ್ಯನಿಗೆ ತಡೆಯಲಾಗಲಿಲ್ಲ. ಅವನಿಗೆ ಮೊಣಕಾಲು ನೋವು. ಬರಿ ನೆಲದ ಮೇಲೆ ಕೂರಲಾಗದೆ ಮಡಚಿದ ಗೋಣಿತಟ್ಟಿನ ಮೇಲೆ ಕೂರುತ್ತಿದ್ದ.

‘ನಿನ್ನಿ ತನಕ ಜಿಂಕಿ ಹಂಗ ಓಡ್ಯಾಡಿ ಬಡಸ್ತಿದ್ದ. ಇವತ್ತ ಕುಂತು ಉಣ್ಣು ಅಂದ್ರ ಹೊಟ್ಟಿಬ್ಯಾನಿ ಬಂತು. ದವಾಖಾನ್ಯಾಗ ಏನೂ ಇಲ್ಲಂತ ಹೇಳ್ಯಾರಂತ. ಇದು ಸೋಗಲ್ಲದ ಮತ್ತೇನ್ರಿ ಅವ್ವಾರ?’

ಕಲ್ಲಿನಾಥನ ಕೈ ಎಲೆಯ ಮೇಲೆಯೇ ನಿಂತಿತು. ಯಾವ ಮಾತಿಗೆ ಅಂಜಿ ಅವನು ಇಷ್ಟು ಕಾಲ ಸೌಟು ಹಿಡಿದಿದ್ದನೋ ಆ ಮಾತು ಬಂದೇಬಿಟ್ಟಿತ್ತು.

ಅವ್ವನವರು ಗದಿಗೆಯ್ಯನ ಎದುರಿಗೆ ಬಂದು ನಿಂತರು.

‘ನಿನ್ನ ಮೊಣಕಾಲಿಗೆ ಬ್ಯಾನಿ ಐತೇನು?’

‘ಐತಲ್ರಿ.’

‘ನನಗ ಕಾಣವಲ್ದಲ್ಲ.’

‘ಒಳಗಿಂದು ಹೆಂಗ ಕಾಣತೈತ್ರಿ?’

‘ಮತ್ತ ಈ ಗೋಣಿತಟ್ಟು ನಿನಗ ಯಾಕ ಕೊಟ್ಟೆ ನಾ?’

‘ಬ್ಯಾನಿ ಐತಿ ಅಂತ ನಾ ಹೇಳಿದ್ನೆಲ್ರಿ.’

‘ಅವನೂ ಹೇಳ್ಯಾನ.’

ಗದಿಗೆಯ್ಯ ಒರಟ, ಆದರೆ ಕೆಟ್ಟವನಲ್ಲ. ತನ್ನ ಮೊಣಕಾಲನ್ನೊಮ್ಮೆ ನೋಡಿಕೊಂಡು, ಪಕ್ಕದವನ ಕಡೆ ತಿರುಗಿ, ತಾನು ಹರೆಯದಲ್ಲಿ ಎಮ್ಮೆಯ ಬಾಲ ಹಿಡಿದು ಇದೇ ಹೊಳೆ ದಾಟಿದ ಕಥೆ ಶುರುಮಾಡಿದ.

ಆ ಕಥೆ ಎಲ್ಲರೂ ಕೇಳಿದ್ದೇ. ಆದರೂ ನಕ್ಕರು. ಇನ್ನೊಬ್ಬರು ತಮ್ಮ ಊರಿನ ಸುದ್ದಿ ತೆಗೆದರು. ಯಾರೂ ಕಲ್ಲಿನಾಥನ ಎಲೆಯ ಕಡೆ ನೋಡಲಿಲ್ಲ. ಅವನು ಒಂದು ತುತ್ತು ಉಂಡ. ನಿಂತ. ನೋವು ಇಳಿಯುವವರೆಗೆ ಎಮ್ಮೆಯ ಕಥೆ ಕೇಳಿದ. ಇನ್ನೊಂದು ತುತ್ತು ಉಂಡ.

ಕೊನೆಗೆ ಎರಡು ತುತ್ತಿನಷ್ಟು ನುಚ್ಚು ಉಳಿಯಿತು.

‘ಇನ್ನ ಆಗವಲ್ದ್ರಿ’ ಅಂದ, ತಲೆ ತಗ್ಗಿಸಿ.

ಅವ್ವನವರು ಅವನ ಎದುರಿಗೆ ನೆಲದ ಮೇಲೆ ಕೂತರು. ಅವನ ಎಲೆಯನ್ನು ತಮ್ಮ ಕಡೆ ಎಳೆದುಕೊಂಡು ಆ ಎರಡು ತುತ್ತು ಉಂಡರು.

‘ಅವ್ವಾರ!’ ಎಂದ ಗದಿಗೆಯ್ಯ. ಗುರು ಶಿಷ್ಯನ ಎಲೆಯಲ್ಲಿ ಉಂಡದ್ದನ್ನು ಯಾರೂ ಕಂಡಿರಲಿಲ್ಲ.

‘ಉಳಿದದ್ದು ಬಡಿಸಿದವರ ತಪ್ಪು. ಬಡಿಸಿದಾಕಿ ನಾನು’ ಅಂದರು ಅವರು. ಕೈ ತೊಳೆಯಲು ಏಳುತ್ತ ಕಲ್ಲಿನಾಥನಿಗೆ ಹೇಳಿದರು: ‘ನಾಳೆ ಎರಡು ತುತ್ತು ಕಡಿಮಿ ಹಾಕತೀನಿ.’

‘ನಾಳೆ’ ಅನ್ನುವ ಮಾತು ಅವನ ಕಿವಿಯಲ್ಲಿ ನಿಂತಿತು. ಅಂದು ಸಂಜೆ ಹರಿಗೋಲು ಅವನನ್ನು ಬಿಟ್ಟೇ ಹೋಯಿತು. ಅವನು ಗಂಟನ್ನು ಗೂಟದಿಂದ ಇಳಿಸಿ ಬಟ್ಟೆಗಳನ್ನು ಮತ್ತೆ ಹಗ್ಗದ ಮೇಲೆ ಹರವಿದ.

ನೋವು ಹೋಯಿತೇ ಎಂದರೆ, ಇಲ್ಲ. ಹೋಗಿದ್ದರೆ ಈ ಕಥೆಯನ್ನು ಇನ್ನೂ ಸುಲಭವಾಗಿ ಹೇಳಬಹುದಿತ್ತು.

ಒಳ್ಳೆಯ ದಿನಗಳಲ್ಲಿ ಕಲ್ಲಿನಾಥ ಬಡಿಸಿದ, ಆಮೇಲೆ ಕೂತು ಉಂಡ. ಕೆಟ್ಟ ದಿನಗಳಲ್ಲಿ ಸೌಟು ಇನ್ನೊಬ್ಬರಿಗೆ ಕೊಟ್ಟು ಗೋಡೆಗೆ ಒರಗಿದ. ಕಾರಣ ಯಾರೂ ಕೇಳಲಿಲ್ಲ, ಅವನೂ ಹುಡುಕಿ ಹೇಳಲಿಲ್ಲ. ಯಾವ ಊಟ ತಡೆಯುತ್ತದೆ, ಯಾವುದು ತಡೆಯುವುದಿಲ್ಲ, ಯಾವಾಗ ಮಲಗಬೇಕು ಎಂಬುದೆಲ್ಲ ಮೆಲ್ಲಗೆ ತಿಳಿಯುತ್ತ ಬಂತು. ಪೇಟೆಯ ಹೊಸ ಡಾಕ್ಟರ ಬಳಿ ಹೋಗುವಾಗ ಗದಿಗೆಯ್ಯ ತಾನಾಗಿಯೇ ಜೊತೆಗೆ ಹೊರಟ. ಆ ಡಾಕ್ಟರು ಇವನ ಮಾತನ್ನು ಪೂರ್ತಿ ಕೇಳಿದರು. ಹೆಸರು ಇನ್ನೂ ಸಿಕ್ಕಿಲ್ಲ, ಹುಡುಕೋಣ, ಅಲ್ಲಿಯವರೆಗೆ ಇದನ್ನು ತಗೊಳ್ಳಿ ಎಂದು ಗುಳಿಗೆ ಕೊಟ್ಟರು. ಸ್ವಲ್ಪ ಹಗುರಾಯಿತು.

ಹಗುರಾದ ಖುಷಿಯಲ್ಲಿ ಒಂದು ದಿನ ಅವನು ಅವ್ವನವರ ಮುಂದೆ ಸ್ವಲ್ಪ ದೊಡ್ಡ ಮಾತನ್ನೇ ಆಡಿದ.

‘ಈಗ ತಿಳೀತ್ರಿ ಅವ್ವಾರ. ಈ ಬ್ಯಾನೀನ ನನ್ನ ಗುರು.’

ಅವ್ವನವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

‘ಹೊಟ್ಟಿಬ್ಯಾನಿಗೆ ಅಷ್ಟ ದೊಡ್ಡ ಪಟ್ಟ ಕಟ್ಟಬ್ಯಾಡ. ಅದು ಬರೇ ಬ್ಯಾನಿ. ಗುರು ನಾ ಇಲ್ಲೇ ಕುಂತೇನಿ, ಬಾ, ಕಲ್ಲು ಆರಿಸು.’

ಅವನು ಕೂತು ಕಲ್ಲು ಆರಿಸಿದ.

ಮುಂದಿನ ಬೇಸಗೆಯಲ್ಲಿ ಅವ್ವನವರಿಗೆ ದಣಿವು ಹೆಚ್ಚಾಯಿತು. ಕಷ್ಟ ಹೇಳಿಕೊಳ್ಳಲು ಬಂದವರ ಮಾತು ಕೇಳಲು ಕಲ್ಲಿನಾಥನನ್ನು ಪಡಸಾಲೆಯ ಕಟ್ಟೆಯ ಮೇಲೆ ಕೂರಿಸಿ, ತಾವು ಹಿಂದೆ ಕಂಬಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದರು.

ಒಂದು ದಿನ ಬಾಳವ್ವ ಎಂಬ ಹೆಣ್ಣುಮಗಳು ಬಂದಳು. ಜೊತೆಗೆ ಗಂಡ. ಇಬ್ಬರ ಮುಖದಲ್ಲೂ ಬಹಳ ದಿನದ ದಣಿವಿತ್ತು.

‘ಹೊಟ್ಟಿ ನೋಯ್ತೈತ್ರಿ ಅಣ್ಣಾರ’ ಅಂದಳು ಬಾಳವ್ವ.

‘ಎಲ್ಲಾ ತೋರಸೀವ್ರಿ’ ಅಂದ ಗಂಡ. ‘ಎಲ್ಲಾ ರಿಪೋರ್ಟೂ ಚಲೋ ಬಂದಾವು. ಆದ್ರೂ ಈಕಿದು ದಿನಾ ಇದ ಪಾಡು.’

ಕಲ್ಲಿನಾಥನಿಗೆ ಆಕೆಯ ಮೇಲೆ ಕರುಣೆ ಉಕ್ಕಿತು. ಧೈರ್ಯ ತುಂಬಬೇಕು, ಈಗಲೇ ತುಂಬಬೇಕು ಅನಿಸಿತು. ಅವಸರದಲ್ಲಿ ನಾಲಿಗೆಗೆ ಬಂದದ್ದನ್ನು ಆಡಿಬಿಟ್ಟ.

‘ಅಂಜಬ್ಯಾಡ್ರಿ ತಂಗಿ. ರಿಪೋರ್ಟ್ ಚಲೋ ಬಂದಾವಂದ್ರ ಏನೂ ಇಲ್ಲ.’

‘ಕೇಳಿದಿಲ್ಲ?’ ಗಂಡ ಹೆಂಡತಿಯ ಕಡೆ ತಿರುಗಿದ. ‘ಇಲ್ಲೂ ಅದನ್ನ ಅಂದ್ರು.’

ಬಾಳವ್ವ ಸೆರಗು ಸರಿಪಡಿಸಿಕೊಂಡಳು, ಕೈಮುಗಿದಳು, ಎದ್ದು ಹೊಳೆಯ ಕಡೆ ನಡೆದಳು. ಆ ನಡಿಗೆ ಕಲ್ಲಿನಾಥನಿಗೆ ಗೊತ್ತಿತ್ತು. ಎಷ್ಟೋ ದವಾಖಾನೆಗಳ ಬಾಗಿಲಿನಿಂದ ಅವನು ಹಾಗೆಯೇ ನಡೆದು ಹೊರಬಂದಿದ್ದ.

ಅವನು ಗಾಬರಿಯಿಂದ ಹಿಂದೆ ತಿರುಗಿ ನೋಡಿದ. ಅವ್ವನವರು ಕಣ್ಣು ತೆರೆದಿದ್ದರು.

‘ಅವ್ವಾರ, ನಾ ಏನಂದೆ?’

‘ನನ್ನ ಯಾಕ ಕೇಳ್ತಿ? ಹರಿಗೋಲು ಇನ್ನೂ ದಂಡ್ಯಾಗ ಐತಿ.’

ಕಲ್ಲಿನಾಥ ಓಡಿದ. ಬಾಳವ್ವ ಒಂದು ಕಾಲು ಹರಿಗೋಲಿನೊಳಗೆ ಇಟ್ಟಾಗಿತ್ತು.

‘ತಂಗಿ, ನಿಲ್ರಿ. ನಾ ತಪ್ಪು ಮಾತಾಡಿದೆ. ಕೇಳೂ ಮೊದಲ ಹೇಳಿಬಿಟ್ಟೆ. ಎಲ್ಲಿ ನೋಯ್ತೈತಿ, ನಿಮ್ಮ ಕೈ ಇಟ್ಟು ತೋರಸ್ರಿ.’

ಬಾಳವ್ವ ಗಂಡನ ಮುಖ ನೋಡಿದಳು. ಆಮೇಲೆ ಹೊಕ್ಕಳಿನ ಬಲಗಡೆ, ತುಸು ಕೆಳಗೆ, ಅಂಗೈ ಇಟ್ಟಳು.

‘ಅಲ್ಲೇನ್ರಿ?’

‘ಇಲ್ಲೇ ಅಣ್ಣಾರ. ಮುಂಜಾನಿ ಎದ್ದ ಕೂಡಲೇ ಶುರು ಆಗತೈತಿ.’

‘ಹಂಗಾರ ಐತಿ’ ಅಂದ ಕಲ್ಲಿನಾಥ.

ಬಾಳವ್ವನ ಕಾಲು ಹರಿಗೋಲಿನಿಂದ ಹೊರಗೆ ಬಂತು. ಆಕೆ ದಂಡೆಯ ಮರಳಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಗಂಡ ಏನು ಮಾಡಬೇಕೆಂದು ತಿಳಿಯದೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಮೊದಲ ಸಲ ಎಂಬಂತೆ ಅವಳ ಅಂಗೈ ಇದ್ದ ಜಾಗವನ್ನು ನೋಡಿದ.

‘ಹೋಗತೈತೇನ್ರಿ ಇದು?’ ಎಂದು ಬಾಳವ್ವ ಕೇಳಿದಳು.

‘ಗೊತ್ತಿಲ್ಲ ತಂಗಿ. ನನ್ನದು ಇನ್ನೂ ಹೋಗಿಲ್ಲ. ನನ್ನ ಮಾತು ಪೂರ್ತಿ ಕೇಳಿದ ಒಬ್ಬ ಡಾಕ್ಟರು ಪ್ಯಾಟ್ಯಾಗ ಅದಾರ. ಅಲ್ಲಿಗೆ ಹೋಗೂಣು, ನಾನೂ ಬರತೀನಿ. ಅದಕ್ಕಿಂತ ಮೊದಲ, ಉಂಡೀರೇನು?’

‘ಉಣ್ಣಾಕ ಅಂಜಿಕಿ ಬರತೈತ್ರಿ.’

‘ನನಗೂ ಹಂಗ ಬರತಿತ್ತು. ಬರ್ರಿ.’

ಅಂದು ಪಂಕ್ತಿಯ ಕೊನೆಯಲ್ಲಿ ಕಲ್ಲಿನಾಥ ಬಾಳವ್ವನ ಮುಖ ಒಮ್ಮೆ ನೋಡಿ ಅರ್ಧ ಸೌಟು ನುಚ್ಚು ಬಡಿಸಿದ. ಆಮೇಲೆ ತನ್ನ ಎಲೆ ಹಾಕಿಕೊಂಡು ಆಕೆಯ ಗಂಡನ ಪಕ್ಕದಲ್ಲಿ ಕೂತ. ಗದಿಗೆಯ್ಯ ತನ್ನ ಗೋಣಿತಟ್ಟನ್ನು ಬಾಳವ್ವನ ಕಡೆ ಸರಿಸಿ, ಬರಿ ನೆಲದ ಮೇಲೆ ಕಾಲು ಚಾಚಿದ.

ಎಲ್ಲರದು ಮುಗಿಯಿತು. ಕಲ್ಲಿನಾಥನದೂ ಮುಗಿಯಿತು. ಬಾಳವ್ವ ಮೂರನೆಯ ತುತ್ತಿನಲ್ಲಿದ್ದಳು. ಅವಳ ಎಡಗೈ ಹೊಟ್ಟೆಯ ಮೇಲಿತ್ತು.

ಆಶ್ರಮಕ್ಕೆ ಅಂದೇ ಹೊಸದಾಗಿ ಬಂದಿದ್ದ ಯಾತ್ರಿಕರು ಒಬ್ಬರು, ನಿಯಮ ಗೊತ್ತಿಲ್ಲದೆ, ಎಲೆ ಮಡಚಿ ಏಳಲು ಹೊರಟರು. ಅವರನ್ನು ನೋಡಿ ಇನ್ನೂ ಇಬ್ಬರು ನೆಲಕ್ಕೆ ಕೈಯೂರಿದರು. ಬಾಳವ್ವ ನಾಚಿ ಎಲೆಯಲ್ಲಿದ್ದದ್ದನ್ನು ಅವಸರವಾಗಿ ಒಟ್ಟುಮಾಡತೊಡಗಿದಳು.

ಕಂಬಕ್ಕೆ ಒರಗಿದ್ದ ಅವ್ವನವರು ಕಣ್ಣು ತೆರೆಯದೆಯೇ ಹೇಳಿದರು:

‘ಕುಂದರ್ರಿ. ಇನ್ನೊಂದು ಎಲಿ ಐತಿ.’